ಬಾರ್ಡರ್ ಶುಗರ್‌ನವರಿಗೂ ಒಂದು ಚೀಟಿ ಬರೆದುಕೊಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ನಿಟುವಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸ್, ಚೂಡಿದಾರ್ ಹೊಲಿಯುತ್ತಿದ್ದೇನೆ. ಹೋದ ವರ್ಷ ಜನವರಿಯಲ್ಲಿ ಒಂದು ಆರೋಗ್ಯ ಶಿಬಿರಕ್ಕೆ ಹೋದಾಗ ಖಾಲಿ ಹೊಟ್ಟೆಯ ಶುಗರ್ 112 ಬಂತು. ಬರೆದುಕೊಳ್ಳುತ್ತಿದ್ದವರು ‘ಏನಿಲ್ಲಮ್ಮ, ಬಾರ್ಡರ್ ಅಷ್ಟೇ, ಸಿಹಿ ಕಮ್ಮಿ ಮಾಡಿ’ ಎಂದು ನನ್ನ ಹಿಂದಿದ್ದವರನ್ನು ಕರೆದರು. 126 ಮುಟ್ಟಿ ಸಕ್ಕರೆ ಕಾಯಿಲೆ ಎನಿಸಿಕೊಂಡವರಿಗೆ ಮಾತ್ರ ಕಾರ್ಡು, ಮತ್ತೆ ಬರಬೇಕಾದ ದಿನಾಂಕ. ನಮ್ಮಂಥವರಿಗೆ ಒಂದು ತುಂಡು ಕಾಗದವೂ ಇಲ್ಲ.

ನಮ್ಮಣ್ಣನಿಗೂ ಒಂಬತ್ತು ವರ್ಷದ ಹಿಂದೆ ಇದೇ ಮಾತು ಹೇಳಿದ್ದರು. ಏನಿಲ್ಲ ಎಂದರಲ್ಲ ಎಂದು ಅವನು ಮತ್ತೆ ರಕ್ತ ಕೊಡಲೇ ಇಲ್ಲ. ಕಾಲಿನ ಹೆಬ್ಬೆರಳ ಗಾಯ ಎರಡು ತಿಂಗಳಾದರೂ ಮಾಯಲಿಲ್ಲವೆಂದು ತೋರಿಸಿದಾಗ ಶುಗರ್ 260ರ ಮೇಲಿತ್ತು. ಈಗ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಅದು ಕಣ್ಣ ಮುಂದೆ ಇದ್ದುದರಿಂದ ನಾನು ಸುಮ್ಮನೆ ಕೂರಲಿಲ್ಲ. ವೈದ್ಯರನ್ನು ಕಂಡು ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿದೆ. 6.1 ಇತ್ತು. 5.7ರಿಂದ 6.4ರವರೆಗೆ ಇದ್ದರೆ ಅದೇ ಬಾರ್ಡರ್.

ಅವತ್ತು ಅಂಗಡಿಗೆ ಬಂದು ಕೊರಳಲ್ಲಿದ್ದ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿದೆ. 36 ಇಂಚು. ಊರವರ ಸೊಂಟವನ್ನೆಲ್ಲ ಅಳೆದವಳು ನನ್ನದನ್ನು ಅಳೆದುಕೊಂಡಿರಲಿಲ್ಲ. ಸೊಂಟದ ಬೊಜ್ಜಿಗೂ ಶುಗರ್‌ಗೂ ನಂಟಿದೆ, ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದಂತೆ. ನನ್ನ ಅಳತೆ ಪುಸ್ತಕ ತೆಗೆದು ನೋಡಿದೆ. ಮದುವೆ ಬ್ಲೌಸ್ ಹೊಲಿಸಿಕೊಂಡು ಹೋದ ಹುಡುಗಿಯರೇ ಹತ್ತು ವರ್ಷದ ಮೇಲೆ ಬಂದಾಗ 28 ಇದ್ದದ್ದು 34, 35 ಆಗಿದೆ. ಅವರಲ್ಲಿ ಎಷ್ಟು ಜನ ರಕ್ತ ಪರೀಕ್ಷೆ ಮಾಡಿಸಿದ್ದಾರೋ ಎಂದು ನಿಜಕ್ಕೂ ಭಯವಾಯಿತು.

ಸಿಹಿ ಕಮ್ಮಿ ಮಾಡಿ ಎಂದರೆ ಏನು ಮಾಡಬೇಕು? ನಾನು ಲಾಡು, ಪೇಡೆ ತಿನ್ನುವವಳೇ ಅಲ್ಲ. ಲೆಕ್ಕ ಹಾಕಿದಾಗ ಸಿಕ್ಕಿದ್ದು ಚಹಾ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ, ಅಲ್ಲಿಗೇ ನಲವತ್ತು ಗ್ರಾಂ ಸಕ್ಕರೆ. ಆಮೇಲೆ ಸಂಜೆಯ ಖಾರ ಮಂಡಕ್ಕಿ, ಮಿರ್ಚಿ. ಮಂಡಕ್ಕಿ ಹಗುರ, ಹೊಟ್ಟೆಗೆ ಒಳ್ಳೆಯದು ಎಂದೇ ನಂಬಿದ್ದೆ. ಒಂದು ಸಂಜೆ ನಾನು ಮಂಡಕ್ಕಿ ತಿಂದು ಒಂದು ಗಂಟೆಯಾದ ಮೇಲೆ ನರ್ಸಿಂಗ್ ಓದುವ ಮಗಳು ನನ್ನ ಬೆರಳು ಚುಚ್ಚಿ ಶುಗರ್ ನೋಡಿದಳು, 171. ಮರುದಿನ ಅದೇ ಹೊತ್ತಿಗೆ ಮೊಳಕೆ ಹೆಸರುಕಾಳಿನ ಉಸಲಿ ತಿನ್ನಿಸಿ ನೋಡಿದಳು, 128. ಮಂಡಕ್ಕಿಯೂ ಅಕ್ಕಿಯೇ, ಅರಳಿರುವುದರಿಂದ ಇನ್ನೂ ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ ಎಂದು ಅವಳು ಹೇಳಿದ್ದು ಆಗ ತಲೆಗೆ ಹೋಯಿತು. ಬೆಣ್ಣೆ ದೋಸೆ ಬಿಟ್ಟಿಲ್ಲ, ತಿಂಗಳಿಗೊಂದು ಸಲ. ಮಧ್ಯಾಹ್ನ ಮೊದಲು ಪಲ್ಯ, ಕೋಸಂಬರಿ, ಆಮೇಲೆ ಒಂದೂವರೆ ರೊಟ್ಟಿ, ಕೊನೆಗೆ ಒಂದು ಸೌಟು ಅನ್ನ. ಜೋಳ, ರಾಗಿ, ನವಣೆ ಎಷ್ಟು ತಿಂದರೂ ನಡೆಯುತ್ತದೆ ಎನ್ನುವವರಿದ್ದಾರೆ. ಹಾಗಿಲ್ಲ, ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ.

ನಡಿಗೆ ಬೆಳಿಗ್ಗೆ ಆರಕ್ಕೆ ಅರ್ಧ ಗಂಟೆ, ನಮ್ಮೂರ ಬಿಸಿಲಿಗೆ ಅದಕ್ಕಿಂತ ತಡ ಮಾಡಿದರೆ ಆಗದು. ರಾತ್ರಿ ಊಟವಾದ ಮೇಲೆ ಓಣಿಯಲ್ಲೇ ಹದಿನೈದು ನಿಮಿಷ. ಭಾನುವಾರ ಕುಂದುವಾಡ ಕೆರೆ. ಮದುವೆ ಸೀಸನ್‌ನಲ್ಲಿ ರಾತ್ರಿ ಒಂದರ ತನಕ ಹೊಲಿಯುವುದನ್ನೂ ನಿಲ್ಲಿಸಿದೆ. ಒಂದಷ್ಟು ಗಿರಾಕಿ ಕಳೆದುಕೊಂಡೆ, ಅದು ನಿಜ.

ಹತ್ತು ತಿಂಗಳಿಗೆ 68 ಕೆಜಿ ಇದ್ದವಳು 63 ಆದೆ. ಸೊಂಟ 33, ಎಚ್‌ಬಿಎ1ಸಿ 5.6. ನನಗೊಬ್ಬಳಿಗೆ ಒದಗಿದ ಅದೃಷ್ಟವಲ್ಲ ಇದು. ಅಮೆರಿಕದಲ್ಲಿ ಬಾರ್ಡರ್‌ನವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೂಕ ಶೇ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವುದೇ ಗುರಿಯಾಗಿತ್ತು. ಹಾಗೆ ಮಾಡಿದವರಲ್ಲಿ ಸಕ್ಕರೆ ಕಾಯಿಲೆಗೆ ಜಾರುವುದು ಶೇ 58ರಷ್ಟು ತಗ್ಗಿತ್ತು, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡವರಲ್ಲಿ ಶೇ 31. ಕೆಲವರಿಗೆ ಮಾತ್ರೆಯೂ ಬೇಕಾಗಬಹುದು, ಅದನ್ನು ವೈದ್ಯರೇ ಹೇಳಬೇಕು. ನಾನೂ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸುವಂತಿಲ್ಲ, ಹಳೆ ಚಾಳಿಗೆ ಬಿದ್ದರೆ ಶುಗರ್ ಮತ್ತೆ ಏರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೊರತಂದ ಸಮೀಕ್ಷೆಯಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಬಾರ್ಡರ್‌ನಲ್ಲಿರುವವರು 13.6 ಕೋಟಿ. ಮೂವತ್ತು ದಾಟಿದವರಿಗೆಲ್ಲ ಪರೀಕ್ಷೆ ಮಾಡುವ ಸರ್ಕಾರದ ಕಾರ್ಯಕ್ರಮ ಇದೆ, ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬರುತ್ತಾರೆ. ಜಿಲ್ಲಾ ಆರೋಗ್ಯ ಇಲಾಖೆಗೆ ನನ್ನದೊಂದೇ ಬೇಡಿಕೆ. 100ರಿಂದ 125ರ ನಡುವೆ ಬಂದವರನ್ನು ‘ಏನಿಲ್ಲ’ ಎಂದು ಕಳಿಸಬೇಡಿ. ಅವರಿಗೂ ಒಂದು ಚೀಟಿ ಕೊಡಿ, ಅದರಲ್ಲಿ ಮೂರೇ ಸಾಲು ಇರಲಿ: ಶುಗರ್ ಎಷ್ಟು, ಸೊಂಟ ಎಷ್ಟು, ಮೂರು ತಿಂಗಳ ಮೇಲೆ ಯಾವ ದಿನ ಬರಬೇಕು. ಬಾರದಿದ್ದರೆ ಒಂದು ಫೋನ್ ಮಾಡಿ. ಟೇಪ್ ಹಿಡಿಯಲು ಜನ ಸಾಲದಿದ್ದರೆ ನಿಟುವಳ್ಳಿಯ ಶಿಬಿರಕ್ಕೆ ನಾನೇ ಬರುತ್ತೇನೆ, ಭಾನುವಾರ ಅಂಗಡಿ ರಜೆ.

– ಒಬ್ಬ ಟೈಲರ್, ನಿಟುವಳ್ಳಿ, ದಾವಣಗೆರೆ