ಮಗಳಿಗೊಂದು ಪತ್ರ: ಸೈಕಲ್ ಇಳಿದ ಮೇಲಿನ ನಾಲ್ಕು ಗಂಟೆ

ಪ್ರೀತಿಯ ಮಗಳೇ,

200 ಕಿಲೋಮೀಟರ್ ಸವಾರಿಗೆ ಹೆಸರು ಕೊಟ್ಟಿದ್ದೀಯ. ಕಾಲಿನ ತಯಾರಿ ನಿನಗೆ ಬಿಟ್ಟದ್ದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಈ ಪತ್ರ ನೀರು, ಉಪ್ಪು ಮತ್ತು ಸೈಕಲ್ ಇಳಿದ ಮೇಲಿನ ಕೆಲವು ಗಂಟೆಗಳ ಬಗ್ಗೆ. "ಚೆನ್ನಾಗಿ ನೀರು ಕುಡಿ" ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ. ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ಬೆವರು ಹೋದರೆ, ಅದೇ ದಾರಿಯಲ್ಲಿ ಪಕ್ಕದಲ್ಲೇ ಬರುವವರಿಗೆ ಒಂದೂವರೆ ಲೀಟರ್ ಹೋಗುತ್ತದೆ. ಹಾಗಾಗಿ ನಿನ್ನದನ್ನು ನೀನೇ ಅಳೆದುಕೊಳ್ಳಬೇಕು.

ಅಳೆಯುವುದು ಕಷ್ಟವಲ್ಲ. ಹೊರಡುವ ಮುಂಚೆ ಮೂತ್ರ ಮಾಡಿ, ಬಟ್ಟೆಯಿಲ್ಲದೆ ತೂಕ ನೋಡು. ಬಂದ ಕೂಡಲೇ ಮೈ ಒರೆಸಿಕೊಂಡು ಮತ್ತೆ ಹಾಗೆಯೇ ನೋಡು. ಬಟ್ಟೆ ಹಾಕಿಕೊಂಡೇ ನಿಂತರೆ ಅದು ಹೀರಿದ ಬೆವರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಡಿಮೆಯಾದ ತೂಕಕ್ಕೆ ದಾರಿಯಲ್ಲಿ ಕುಡಿದದ್ದನ್ನು ಕೂಡಿಸು, ಮೂತ್ರ ಮಾಡಿದ್ದರೆ ಅಂದಾಜಿನಲ್ಲಿ ಕಳೆ. 58 ಕಿಲೋ ಇದ್ದದ್ದು ಮೂರು ಗಂಟೆಯ ಸವಾರಿಯ ನಂತರ 56.8 ಆಯಿತು, ನಡುವೆ ಒಂದೂವರೆ ಲೀಟರ್ ಕುಡಿದಿದ್ದೆ ಎಂದುಕೋ. ಬೆವರಿನಲ್ಲಿ ಹೋದದ್ದು 2.7 ಲೀಟರ್, ಅಂದರೆ ಗಂಟೆಗೆ ಸುಮಾರು 900 ಮಿಲಿಲೀಟರ್. ಕೊರತೆ 1.2 ಕಿಲೋ, ಮೈತೂಕದ ಶೇಕಡಾ 2. ಅದನ್ನು ದಾಟಿದರೆ, ಮುಖ್ಯವಾಗಿ ಬಿಸಿಲಿನಲ್ಲಿ, ಅದೇ ವೇಗಕ್ಕೆ ಎದೆಬಡಿತ ಏರುತ್ತದೆ, ಪೆಡಲ್ ಭಾರವೆನಿಸುತ್ತದೆ. ತಂಪು ದಿನಕ್ಕೊಮ್ಮೆ, ಬಿಸಿಲಿನ ದಿನಕ್ಕೊಮ್ಮೆ ಹೀಗೆ ಅಳೆದಿಟ್ಟುಕೋ, ಎರಡಕ್ಕೂ ಅಜಗಜಾಂತರವಿರುತ್ತದೆ.

ಸೈಕಲ್ ಮೇಲೆ ಮೋಸ ಮಾಡುವುದು ಗಾಳಿ. ಬೆವರು ಬಂದಂತೆಲ್ಲ ಆರಿಹೋಗುವುದರಿಂದ ಮೈ ಒದ್ದೆಯೇ ಆಗದು, ನಿಂತಾಗಲೇ ಧಾರಾಕಾರ. ಚಳಿಯಲ್ಲಂತೂ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿ, ನಿನ್ನ ಬೆವರಿನ ಲೆಕ್ಕವನ್ನು ಮೀರಬೇಡ. ಒಂದು ಗಂಟೆ ಮರೆತು ಆಮೇಲೆ ಇಡೀ ಬಾಟಲಿ ಒಂದೇ ಸಲ ಬರಿದು ಮಾಡಿದರೆ ಹೊಟ್ಟೆಯಲ್ಲಿ ನೀರು ಕುಲುಕುತ್ತದೆ, ಅಷ್ಟೇ.

ಎರಡು ಬಾಟಲಿ ಇಟ್ಟುಕೋ. ಒಂದರಲ್ಲಿ ಬರೀ ನೀರು. ಕುಡಿಯಲೂ ಆಯಿತು, ನೆತ್ತಿಗೆ ಸುರಿದುಕೊಳ್ಳಲೂ ಆಯಿತು. ಇನ್ನೊಂದು 750 ಮಿಲಿಲೀಟರ್ ಬಾಟಲಿಗೆ 40ರಿಂದ 45 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು (ತಲೆ ಸವರಿದ ಅಳತೆ, ಸುಮಾರು ಒಂದೂವರೆ ಗ್ರಾಂ), ರುಚಿಗೆ ನಿಂಬೆರಸ. ಇದರಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸಕ್ಕರೆಯೂ ಉಪ್ಪೂ ಒಟ್ಟಿಗಿದ್ದರೆ ಸಣ್ಣಕರುಳಿನ ಗೋಡೆ ಎರಡನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆ ಬರುತ್ತದೆ. ಒಆರ್‌ಎಸ್ ಕೆಲಸ ಮಾಡುವುದೂ ಹೀಗೆಯೇ. ಆದರೆ ಶಕ್ತಿ ಹೆಚ್ಚಲಿ ಎಂದು ಸಕ್ಕರೆ ದುಪ್ಪಟ್ಟು ಹಾಕಿದರೆ ಎಲ್ಲವೂ ಉಲ್ಟಾ: ಗಟ್ಟಿ ದ್ರಾವಣ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ಹೊಟ್ಟೆ ತೊಳಸುತ್ತದೆ. ಅಂಗಡಿಯ ಬಣ್ಣದ ಪಾನೀಯಗಳ ಮೇಲೆ ನನಗೇನೂ ಕೋಪವಿಲ್ಲ, ಅವುಗಳಲ್ಲಿರುವುದೂ ಮುಖ್ಯವಾಗಿ ಇವೇ ಎರಡು. ಕೊಳ್ಳುವುದಾದರೆ ಮುಂದಿನ ಚಿತ್ರ ಬಿಟ್ಟು ಹಿಂದೆ ಬರೆದ ಸೋಡಿಯಂ ಲೆಕ್ಕ ಓದು.

ಈಗ ನನ್ನ ನಿಜವಾದ ಆತಂಕ. ಕಡಿಮೆ ಕುಡಿದರೆ ಸುಸ್ತು. ಅತಿಯಾಗಿ ಕುಡಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಬೆವರಿದ್ದಕ್ಕಿಂತ ಹೆಚ್ಚು ನೀರು ಗಂಟೆಗಟ್ಟಲೆ ಒಳಗೆ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತದೆ, ಮಿದುಳು ಊದಿಕೊಳ್ಳಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಹೀಗೆ ಇಳಿದಿತ್ತು. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲೇ ಅಪಾಯ ಜಾಸ್ತಿ. ತಲೆನೋವು, ವಾಕರಿಕೆ ನೀರು ಕಡಿಮೆಯಾದರೂ ಹೆಚ್ಚಾದರೂ ಬರುವುದರಿಂದ ಜನ ಇನ್ನಷ್ಟು ನೀರು ಕುಡಿಸಿಬಿಡುತ್ತಾರೆ. ಉಂಗುರ ಬಿಗಿಯಾಗಿದ್ದರೆ, ಬೆರಳು ಊದಿದ್ದರೆ, ತೂಕ ಹೊರಟಾಗಿನದಕ್ಕಿಂತ ಹೆಚ್ಚಿದ್ದರೆ ಬರೀ ನೀರು ನಿಲ್ಲಿಸು. ಮಾತು ತಡವರಿಸಿದರೆ ಅಥವಾ ವಾಂತಿ ನಿಲ್ಲದಿದ್ದರೆ ನೇರ ಆಸ್ಪತ್ರೆ. ಒಆರ್‌ಎಸ್ ಜೇಬಿನಲ್ಲಿದೆ ಎಂಬ ಧೈರ್ಯವೂ ಬೇಡ. ಉಪ್ಪು ಬೆರೆಸಿದರೂ ಅತಿಯಾದದ್ದು ಅತಿಯೇ.

ಇಳಿಯುವ ಮುಂಚಿನ ಕೊನೆಯ ಹತ್ತು ನಿಮಿಷ ಹಗುರ ಗೇರಿನಲ್ಲಿ ತುಳಿ. ತೊಡೆಯ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಜೋರಾಗಿ ಬಂದು ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಹಾಗಾದರೆ ಮಲಗಿ ಕಾಲು ಎತ್ತರಿಸು. ಮೊದಲು ಒದ್ದೆ ಚಡ್ಡಿ ಬಿಚ್ಚು, ಫೋನು ಆಮೇಲೆ ನೋಡಬಹುದು. ಸೀಟಿನ ಹುಣ್ಣು ಶುರುವಾಗುವುದೇ ಆ ತೇವದಲ್ಲಿ.

ಕೊರತೆಯ ಪ್ರತಿ ಕಿಲೋಗೆ 1.25ರಿಂದ 1.5 ಲೀಟರ್, ಮುಂದಿನ ನಾಲ್ಕು ಗಂಟೆಯಲ್ಲಿ ಹಂಚಿ ಕುಡಿ. 1.2 ಕಿಲೋಗೆ ಹೆಚ್ಚೆಂದರೆ 1.8 ಲೀಟರ್. ಆ ಹೆಚ್ಚುವರಿ ಮೂತ್ರಕ್ಕೆ ಹೋಗುವ ಪಾಲು. ಬರೀ ನೀರನ್ನೇ ಗಟಗಟ ಕುಡಿದರೆ ರಕ್ತ ತೆಳುವಾಗಿ, ಮೂತ್ರಪಿಂಡ ನೀರನ್ನು ಹೊರಹಾಕತೊಡಗುತ್ತದೆ. ಬಾಯಾರಿಕೆಯೂ ಬೇಗ ತಣಿದು ಮೋಸವಾಗುತ್ತದೆ. ಉಪ್ಪಿರುವ ಊಟ ಜೊತೆಗಿದ್ದರೆ ನೀರು ಮೈಯಲ್ಲಿ ನಿಲ್ಲುತ್ತದೆ. ಹಾಲೂ ಒಳ್ಳೆಯದು, ಸೋಡಿಯಂ, ಪೊಟ್ಯಾಸಿಯಂ, ಪ್ರೋಟೀನ್ ಮೂರೂ ಅದರಲ್ಲಿವೆ. ಕುಡಿದ ತಕ್ಷಣದ ತಿಳಿ ಮೂತ್ರ ನೋಡಿ ಎಲ್ಲ ಸರಿಯಾಯಿತು ಅಂದುಕೊಳ್ಳಬೇಡ. ಬಿ ವಿಟಮಿನ್ ಮಾತ್ರೆ ತಿಂದಿದ್ದರೆ ಅದು ಹೇಗೂ ಗಾಢ ಹಳದಿ. ನಿಜ ಹೇಳುವುದು ಮರುದಿನ ಬೆಳಗಿನ ಬಣ್ಣ ಮತ್ತು ತೂಕ.

ಊಟದ ಲೆಕ್ಕ ಮುಂದಿನ ಸವಾರಿಯ ಮೇಲೆ ನಿಂತಿದೆ. ಎಂಟು ಗಂಟೆಯೊಳಗೆ ಮತ್ತೆ ಹತ್ತುವುದಿದ್ದರೆ, ಮೊದಲ ನಾಲ್ಕು ಗಂಟೆ ಮೈತೂಕದ ಪ್ರತಿ ಕಿಲೋಗೆ ಗಂಟೆಗೆ ಒಂದು ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬೇಕು, ನಿನಗೆ ಗಂಟೆಗೆ ಸುಮಾರು 58 ಗ್ರಾಂ. ಅನ್ನ, ಆಲೂಗಡ್ಡೆ, ಬ್ರೆಡ್, ಬಾಳೆಹಣ್ಣು ಯಾವುದಾದರೂ ಸರಿ. ಮರುದಿನ ವಿಶ್ರಾಂತಿಯಾದರೆ ಈ ಧಾವಂತ ಬೇಡ, ಹೊಟ್ಟೆ ತುಂಬ ಊಟ ಮಾಡಿದರೆ ದಿನದೊಳಗೆ ಗ್ಲೈಕೋಜನ್ (ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು) ತುಂಬಿಕೊಳ್ಳುತ್ತದೆ. ಎರಡರಲ್ಲೂ ಒಂದು ಹೊತ್ತಿಗೆ 20 ಗ್ರಾಂ ಪ್ರೋಟೀನ್ ಇರಲಿ. ಮೂರು ಮೊಟ್ಟೆಯಲ್ಲಿ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ.

ಮೀನಖಂಡ ಹಿಡಿದುಕೊಂಡರೆ ಪಾದವನ್ನು ನಿನ್ನ ಕಡೆಗೆ ಎಳೆದು ಹಿಡಿ. ಎಲ್ಲದಕ್ಕೂ ಉಪ್ಪಿನ ಕೊರತೆಯನ್ನೇ ದೂರುತ್ತಾರೆ, ಬಹಳ ಸಲ ಅದು ದಣಿದ ಸ್ನಾಯುವಿನ ಕಾಟ. ಮೈಯಲ್ಲಿ ನೀರು ಕಡಿಮೆಯಿರುವಾಗ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯನ್ನು ಮುಟ್ಟಲೇಬೇಡ, ಮೂತ್ರಪಿಂಡಕ್ಕೆ ಪೆಟ್ಟು. ಮೂತ್ರ ಕಡುಕಂದು ಬಂದರೆ ಅವತ್ತೇ ವೈದ್ಯರ ಬಳಿ ಹೋಗು. ಮರುದಿನ ಎದ್ದಾಗ ನಾಡಿ ಎಂದಿಗಿಂತ ಏಳೆಂಟು ಬಡಿತ ಹೆಚ್ಚಿದ್ದರೆ ಸೈಕಲ್ ಗೋಡೆಗೇ ಒರಗಿರಲಿ, ಇನ್ನೊಂದು ರಾತ್ರಿ ನಿದ್ದೆ ಮಾಡು.

ಬಾಟಲಿಗಳನ್ನು ಅವತ್ತೇ ಬಿಸಿನೀರು, ಸೋಪು ಹಾಕಿ ತೊಳೆ. ಮುಚ್ಚಳದ ರಬ್ಬರ್ ಬಿಚ್ಚಿ ಬ್ರಷ್‌ನಿಂದ ಉಜ್ಜು, ಸಕ್ಕರೆಯ ಅಂಟಿಗೆ ಕಪ್ಪು ಬೂಸಲು ಹಿಡಿಯುವುದು ಅಲ್ಲೇ. ತೊಳೆದ ಮೇಲೆ ಮುಚ್ಚಳ ಹಾಕದೆ ಬೋರಲು ಇಡು.

ನಿನ್ನ
ಅಮ್ಮ