ಟೊಮೆಟೊ ಮಂಡಿಯ ಅಣ್ಣನಿಗೆ ಒಂದು ಥ್ಯಾಂಕ್ಸ್

ಕೋಲಾರದ ಎಪಿಎಂಸಿಯಲ್ಲಿ ನನ್ನ ಐನೂರರ ನೋಟುಗಳಿಗೆಲ್ಲ ನೂರರ ನೋಟು ಕೊಟ್ಟ ಅಣ್ಣನಿಗೆ ಈ ಬರಹ. ಅವರ ಹೆಸರು ಗೊತ್ತಿಲ್ಲ.

ಒಬ್ಬಳೇ ನೇಪಾಳಕ್ಕೆ ಹೊರಟಿದ್ದೆ, ಕೈಯಲ್ಲಿ ದುಡ್ಡು ಕಮ್ಮಿ. ಅಪ್ಪನ ಜೊತೆ ಟೊಮೆಟೊ ಹರಾಜಿಗೆ ಹೋಗಿದ್ದಾಗ ಈ ಅಣ್ಣನ ಜೊತೆ ಮಾತು ಶುರುವಾಯಿತು. ಅವರು ನೇಪಾಳದ ಮುಕ್ತಿನಾಥ ದೇವಸ್ಥಾನ ನೋಡಿ ಬಂದವರಂತೆ. "ದೊಡ್ಡ ನೋಟು ಅಲ್ಲಿ ನಡೆಯಲ್ಲಮ್ಮ. ಗಡೀಲಿ ಆಧಾರ್ ಕೂಡ ಆಗಲ್ಲ, ವೋಟರ್ ಕಾರ್ಡ್ ಇಟ್ಕೋ" ಅಂದರು. ನಮ್ಮ ನೂರಕ್ಕಿಂತ ದೊಡ್ಡ ನೋಟಿಗೆ ಆಗ ಅಲ್ಲಿ ನಿಷೇಧವಿತ್ತು. ಹರಾಜಿನ ಗಲಾಟೆ ನಡುವೆಯೇ ಕ್ರೇಟ್ ಮೇಲೆ ಕೂತು, ಹೆಬ್ಬೆರಳಿಗೆ ಎಂಜಲು ಹಚ್ಚಿ, ಹರಿದ ನೋಟು ಪಕ್ಕಕ್ಕಿಟ್ಟು ಎಣಿಸಿ ಕೊಟ್ಟರು. ಒಂದು ನೋಟಿಗೆ ಟೊಮೆಟೊ ಬೀಜ ಅಂಟಿತ್ತು. ಕಮಿಷನ್ ಹಿಡಿಯಲಿಲ್ಲ. ಮಂಡಿಯಲ್ಲಿ ಅದು ಸುಮ್ನೆ ಮಾತಲ್ಲ, ಅಲ್ವಾ?

ಭಾರತೀಯರಿಗೆ ವೀಸಾ ಬೇಕಿಲ್ಲ. ಸುನೌಲಿ ಗಡಿ ದಾಟಿದ ಮೇಲೆ ನಮ್ಮ 100 ರೂಪಾಯಿಗೆ ಅಲ್ಲಿಯ 160. ಪೋಖರಾ ಬಸ್ಸಿಗೂ ಅದೇ ನೋಟು ಕೊಟ್ಟೆ.

"ಹಸಿವಾದ್ರೆ ದಾಲ್ ಭಾತ್ ತಗೋ, ಮತ್ತೆ ಮತ್ತೆ ಬಡಿಸ್ತಾರೆ" ಅಂತಲೂ ಹೇಳಿದ್ದರು. ನಿಜ. ಮಧ್ಯಾಹ್ನ ಒಂದು ತಟ್ಟೆ ಹೇಳಿದರೆ ಅನ್ನ, ಬೇಳೆ, ಪಲ್ಯ ಸಾಕು ಅನ್ನೋವರೆಗೆ ಬಡಿಸುತ್ತಾರೆ. ರಾತ್ರಿ ಬಿಸ್ಕೆಟ್‌ನಲ್ಲೇ ಕಳೆಯಬಹುದು. ಉಳಿದ ದುಡ್ಡಲ್ಲಿ ಪೋಖರಾ ಪಕ್ಕದ ಗುಡ್ಡ ಸಾರಂಗ್‌ಕೋಟ್‌ಗೆ ಹೋದೆ. ಅಲ್ಲಿಂದ ಬೆಳಗ್ಗೆ 6,993 ಮೀಟರ್ ಎತ್ತರದ ಮಚ್ಛಪುಛ್ರೆ ಕಾಣುತ್ತದೆ. ಪವಿತ್ರ ಅಂತ ಅದರ ತುದಿ ಹತ್ತಲು ಯಾರನ್ನೂ ಬಿಡುವುದಿಲ್ಲ.

ಅಣ್ಣಾ, ಮುಂದಿನ ಸಲ ನನಗೂ ಮುಕ್ತಿನಾಥಕ್ಕೆ ಹೋಗಬೇಕು. ದಾರಿ ಬಗ್ಗೆ ಜಾಸ್ತಿ ಕೇಳೋದಿದೆ. ಮಂಡಿಯಲ್ಲಿ ಸಿಕ್ಕರೆ ಟೀ ನನ್ನ ಲೆಕ್ಕ.