ಅಮ್ಮನ ಹೆಸರಿಗೇ ಮಸಿ ಬಳಿದು ಕೊಟ್ರು: ರಾಜ್ಯ ಮುಖ್ಯ ಮಾಹಿತಿ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ, ನಮಸ್ಕಾರ.

ನಮ್ಮಮ್ಮನ ವಿಧವಾ ವೇತನದ ಅರ್ಜಿ ರಿಜೆಕ್ಟ್ ಆಯ್ತು. ಯಾಕೆ ಅಂತ ಕೇಳಿದ್ರೆ ಕೇಸ್ ವರ್ಕರ್ "ಫೈಲಲ್ಲಿ ಬರ್ದಿದೆ" ಅಂದ್ರು, ಫೈಲು ತೋರ್ಸಿ ಅಂದ್ರೆ "ಆರ್‌ಟಿಐ ಹಾಕಿ" ಅಂದ್ರು. ಸರಿ ಅಂತ ಅಮ್ಮನ ಹೆಸರಲ್ಲೇ ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) ಅರ್ಜಿ, ಅಂದ್ರೆ ಫಾರ್ಮ್ ಎ ತುಂಬಿಸಿ, ಅವಳ ಸಹಿ ಹಾಕ್ಸಿ, ಅವಳದೇ ಅರ್ಜಿಯ ಕಡತ, ಟಿಪ್ಪಣಿ ಹಾಳೆ ಎಲ್ಲದರ ಕಾಪಿ ಕೇಳಿದ್ವಿ. ಮೂವತ್ತು ದಿನ ಮುಗಿಯೋಕೆ ಎರಡು ದಿನ ಇದ್ದಾಗ ಲಕೋಟೆ ಬಂತು. ಹದಿನಾಲ್ಕು ಪುಟ.

ಮೊದಲನೇ ಹಾಳೆ ನೋಡಿದ ಅಮ್ಮ, "ಏನೋ ಇದು, ನನ್ ಹೆಸರಿಗೇ ಮಸಿ ಬಳಿದವ್ರಲ್ಲೋ" ಅಂದ್ಲು. ನಿಜ ಸಾರ್. ಕಪ್ಪು ಸ್ಕೆಚ್ ಪೆನ್ನಲ್ಲಿ ಅವಳ ಹೆಸರು, ಊರು, ರೇಷನ್ ಕಾರ್ಡ್ ನಂಬರ್ ಎಲ್ಲಾ ಮುಚ್ಚಿದಾರೆ, ಸ್ಥಳ ತನಿಖೆ ವರದಿಯ ಎರಡು ಸಾಲಂತೂ ಪೂರ್ತಿ ಕಪ್ಪು. ಜೊತೆಗೊಂದು ಹಿಂಬರಹ, ಅದೇ ಕಾಯ್ದೆಯ 'ಸೆಕ್ಷನ್ 8(1)(ಜೆ) ಪ್ರಕಾರ ವೈಯಕ್ತಿಕ ಮಾಹಿತಿ' ಅಂತ. ಯಾರ ವೈಯಕ್ತಿಕ? ಕೇಳಿದವಳದೇ! ಅದೇ ಕಟ್ಟಿನ ಹನ್ನೊಂದನೇ ಪುಟದಲ್ಲಿ ಬೇರೆ ಏಳು ಜನ ಅರ್ಜಿದಾರರ ಪಟ್ಟಿ ಇದೆ, ಹೆಸರು, ಆಧಾರ್, ಬ್ಯಾಂಕ್ ಖಾತೆ ನಂಬರ್ ಸಮೇತ, ಅದರ ಮೇಲೆ ಒಂದು ಗೀರೂ ಇಲ್ಲ.

ಇನ್ನೊಂದು ತಮಾಷೆ ಅಂದ್ರೆ ಮಸಿ ಬಳಿದ ಹಾಳೇನೇ ನಮಗೆ ಕೊಟ್ಟಿದಾರೆ. ಟ್ಯೂಬ್‌ಲೈಟಿಗೆ ಹಿಡಿದ್ರೆ ಎಲ್ಲಾ ಕಾಣುತ್ತೆ, 'ಅರ್ಜಿದಾರರು ಸ್ಥಳದಲ್ಲಿ ವಾಸವಿರುವುದಿಲ್ಲ' ಅಂತ. ತಾರೀಖು ನೋಡಿದ್ರೆ ಅವತ್ತು ಅಮ್ಮ ತಂಗಿ ಬಾಣಂತನಕ್ಕೆ ಹೋಗಿದ್ಲು. ಇಷ್ಟೇ ವಿಷ್ಯ! ಇದನ್ನ ಮುಚ್ಚದೇ ಕೊಟ್ಟಿದ್ರೆ ಪಕ್ಕದ ಮನೆಯವರ ಹತ್ರ ಒಂದು ಹೇಳಿಕೆ ಬರೆಸಿ ಅವತ್ತೇ ಕೊಟ್ಟು ಬರ್ತಿದ್ವಿ.

ಮುಚ್ಚಲೇಬಾರದು ಅಂತ ನಾನು ಹೇಳ್ತಿಲ್ಲ, ಆ ಏಳು ಜನರ ನಂಬರ್ ಮುಚ್ಚಬೇಕಿತ್ತು. 2011ರಲ್ಲಿ ಸಿಬಿಎಸ್‌ಇ ಕೇಸಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗೆ ಅವನ ಉತ್ತರ ಪತ್ರಿಕೆ ತೋರ್ಸಿ, ಆದ್ರೆ ಮೌಲ್ಯಮಾಪಕರ ಗುರುತು ಸೆಕ್ಷನ್ 10ರ ಪ್ರಕಾರ ಮುಚ್ಚಿ ಕೊಡಿ ಅಂತ ಹೇಳಿತ್ತಲ್ಲ, ಅದಕ್ಕಿಂತ ಸರಳವಾಗಿ ಹೆಂಗೆ ಹೇಳೋದು? ಅದೇ ಸೆಕ್ಷನ್ 10ರಲ್ಲಿ ಯಾವ ಭಾಗ ಕೊಡ್ತಿದೀವಿ, ಉಳಿದದ್ದು ಯಾಕೆ ಕೊಡ್ತಿಲ್ಲ, ತೀರ್ಮಾನ ಮಾಡಿದ ಅಧಿಕಾರಿ ಯಾರು ಅಂತ ಹೆಸರು ಹುದ್ದೆ ಸಮೇತ ತಿಳಿಸಬೇಕು ಅಂತಾನೂ ಇದೆ. ನಮ್ಮ ಹಿಂಬರಹದಲ್ಲಿ ಒಂದು ರಬ್ಬರ್ ಸೀಲು ಮತ್ತು ಓದಕ್ಕಾಗದ ಒಂದು ಸಹಿ, ಅಷ್ಟೇ.

2025ರ ನವೆಂಬರ್‌ನಲ್ಲಿ ಡಿಪಿಡಿಪಿ, ಅಂದ್ರೆ ಜನರ ವೈಯಕ್ತಿಕ ಡೇಟಾ ಕಾಪಾಡೋ ಕಾಯ್ದೆಯ ರೂಲ್ಸ್ ಬಂದಾಗ 8(1)(ಜೆ) ತಿದ್ದುಪಡಿನೂ ಜಾರಿಗೆ ಬಂತು. ಮೊದಲು ಅದರಲ್ಲಿ ಸಾರ್ವಜನಿಕ ಹಿತ, ಅನಗತ್ಯವಾಗಿ ಖಾಸಗಿತನಕ್ಕೆ ಕೈ ಹಾಕೋದು ಅಂತೆಲ್ಲಾ ತೂಕ ನೋಡೋ ಮಾತಿತ್ತು, ಈಗ ಬರೀ 'ವೈಯಕ್ತಿಕ ಮಾಹಿತಿ' ಅನ್ನೋದಷ್ಟೇ ಉಳಿದಿದೆ. 8(2)ರಲ್ಲಿ ಸಾರ್ವಜನಿಕ ಹಿತದ ಬಾಗಿಲು ಇನ್ನೂ ಇದೆ ನಿಜ, ಆದ್ರೆ ಕೌಂಟರಲ್ಲಿ ಕೂತವರಿಗೆ ಸ್ಕೆಚ್ ಪೆನ್ ಎಳೆಯೋದು ಸುಲಭ. ನಮ್ಮ ಡೇಟಾ ನಾವೇ ಕೇಳೋ ಹಕ್ಕು ಡಿಪಿಡಿಪಿಯ ಸೆಕ್ಷನ್ 11ರಲ್ಲೂ ಇದೆ ಅಂತಾರೆ, ಅದು ರೂಲ್ಸ್ ಬಂದು 18 ತಿಂಗಳಾದ ಮೇಲೆ, ಅದೂ ಸಾರಾಂಶ ಕೊಟ್ರೆ ಸಾಕಂತೆ. ಸಾರಾಂಶದಲ್ಲಿ ಬಾಣಂತನದ ತಾರೀಖು ಬರುತ್ತಾ ಸಾರ್?

ಕೈ ತಪ್ಪಿದ್ರೆ ಏನಾಗುತ್ತೆ ಅಂತಾನೂ ನೋಡಿ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಪೊಲೀಸ್ ಇಲಾಖೆ ಒಂದು ಮಾಹಿತಿ ಅರ್ಜಿಗೆ ಉತ್ತರವಾಗಿ ಎಕ್ಸೆಲ್ ಫೈಲ್ ಕೊಡ್ತು, ಅದರೊಳಗೆ ಅಡಗಿಸಿದ್ದ ಶೀಟಲ್ಲಿ ಸುಮಾರು 9,500 ಸಿಬ್ಬಂದಿಯ ವಿವರ ಇತ್ತು, ಪೊಲೀಸರ ಮೇಲೆ ಬಾಂಬ್ ದಾಳಿ ಆಗಿರೋ ಜಾಗ ಅದು. ಆಮೇಲೆ 7,50,000 ಪೌಂಡ್ ದಂಡ ಬಿತ್ತು. ನಮ್ಮಲ್ಲೂ ಈಗ ಪಿಡಿಎಫ್ ಮೇಲ್ ಮಾಡ್ತಾರೆ. ಬರೀ ಕಪ್ಪು ಚೌಕ ಕೂರಿಸಿದ್ರೆ ಕೆಳಗಿನ ಅಕ್ಷರ ಹಾಗೇ ಇರುತ್ತೆ, ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದ್ರೆ ಎಲ್ಲಾ ಈಚೆಗೆ ಬರುತ್ತೆ.

ಮೇಲ್ಮನವಿ ತೀರ್ಮಾನ ಮಾಡುವಾಗ ಅಧಿಕಾರಿಗಳಿಗೆ ಟ್ರೇನಿಂಗ್ ಕೊಡ್ಸಿ ಅಂತ ಆದೇಶ ಮಾಡೋ ಅಧಿಕಾರ ಸೆಕ್ಷನ್ 19(8)ರಲ್ಲಿ ನಿಮಗಿದೆ. ದಯವಿಟ್ಟು ಬಳಸಿ. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಅರ್ಜಿದಾರರ ಸ್ವಂತ ವಿವರ ಮುಚ್ಚಬೇಡಿ, ಬೇರೆಯವರದ್ದು ಮುಚ್ಚಿ, ಮುಚ್ಚಿದ ಹಾಳೇನ ಮತ್ತೆ ಜೆರಾಕ್ಸ್ ಮಾಡಿ ಆ ಎರಡನೇ ಕಾಪಿ ಕೊಡಿ, ಪ್ರತಿ ಕಪ್ಪು ಗೆರೆ ಪಕ್ಕ ಯಾವ ಸೆಕ್ಷನ್ ಅಂತ ಬರೀರಿ. ಮಾಹಿತಿ ಅಧಿಕಾರಿಯ (ಪಿಐಒ) ಟೇಬಲ್ ಮೇಲೆ ಅಂಟಿಸೋಕೆ ಅರ್ಧ ಹಾಳೆ ಸಾಕು.

ನಾವು ಮೊದಲನೇ ಮೇಲ್ಮನವಿ ಹಾಕಿದೀವಿ, ಅದು ನಿಮ್ಮ ತನಕ ಬಂದ್ರೂ ಬರಬಹುದು. ಅಲ್ಲೀತನಕ ಆ ಹನ್ನೊಂದನೇ ಪುಟ ನಮ್ಮನೆ ಬೀರುವಲ್ಲಿ ಅಮ್ಮನ ಸೀರೆ ಕೆಳಗಿದೆ. ಹರಿದು ಹಾಕ್ಲಾ, ವಾಪಸ್ ಕೊಡ್ಲಾ, ಕೊಟ್ರೆ ಯಾರಿಗೆ ಕೊಡ್ಲಿ ಅಂತ ಒಂದು ಮಾತು ತಿಳಿಸಿ.

ಇಂತಿ,
ಒಬ್ಬ ಅರ್ಜಿದಾರರ ಮಗ